ತಂತಿಯಲ್ಲಿ ಗಡಿಯಾರ

ಎರಡು ಉದ್ದ, ಒಂದು ಗಿಡ್ಡ. ಗಂಟೆ ತಮ್ಮ ಮನೆಯದೇ ಎಂದು ಖಾತ್ರಿಯಾದ ಮೇಲೆ ಆರ್ಡಿಸ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಗೋಡೆಯ ಫೋನ್ ಎತ್ತಿದಳು. ಸ್ಟೂಲು ಹತ್ತಿ ರಿಸೀವರಿಗೆ ಕಿವಿ ಹಚ್ಚಲು ಬಂದ ಮಗಳು ಮಾರ್ಲಿಸ್‌ಗೆ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆ ತುದಿಯಲ್ಲಿ ಅಕ್ಕ ಎಲ್ವೀರಾ. ಇಬ್ಬರೂ ನಾಲ್ಕು ಮಾತಾಡುವಷ್ಟರಲ್ಲಿ ಸಣ್ಣದೊಂದು ಕ್ಲಿಕ್ ಸದ್ದು. ಎಲ್ವೀರಾಳ ದನಿ ಸೊರಗಿತು. ಅದರ ಹಿಂದೆ, ಕಾಲೆಳೆದು ನಡೆಯುವವರ ಹಾಗೆ, ಗಡಿಯಾರವೊಂದು ಬಡಿಯತೊಡಗಿತು: ಟಕ್... ಟಕ್‌ಟಕ್... ಟಕ್.

"ಗೋಡೆಗೂ ಕಿವಿ ಇರತ್ತೆ ಅಂತಾರೆ," ಎಲ್ವೀರಾ ನಕ್ಕಳು. "ನಮ್ಮ ತಂತಿಗೆ ಗಡಿಯಾರಾನೂ ಇದೆ ನೋಡು."

ಹಾಲ್‌ವಿಕ್ ಊರಿನಾಚೆ ಆ ಮಣ್ಣುರಸ್ತೆಯ ಏಳು ಮನೆಗಳಿಗೂ ಇದ್ದದ್ದು ಒಂದೇ ತಂತಿ. ಮನೆಗೊಂದು ಬಗೆಯ ಗಂಟೆ; ಆದರೆ ಯಾರಿಗೆ ಕರೆ ಬಂದರೂ ಅದು ಎಲ್ಲ ಮನೆಗಳಲ್ಲೂ ಮೊಳಗುತ್ತಿತ್ತು. ಯಾರು ಬೇಕಾದರೂ ಎತ್ತಿ ಕೇಳಬಹುದಿತ್ತು. ಎತ್ತಿದವರು ಹೆಚ್ಚಿದಷ್ಟೂ ಮಾತು ಕ್ಷೀಣವಾಗುತ್ತಿತ್ತು. ಎಲ್ಲರೂ ಕೇಳುತ್ತಿದ್ದರು, ಯಾರೂ ಕೇಳಿದೆವೆಂದು ಹೇಳುತ್ತಿರಲಿಲ್ಲ. ಮರುದಿನ ಅಂಗಡಿಯಲ್ಲಿ ಎದುರಾದರೆ, ಗೊತ್ತಿದ್ದ ಸುದ್ದಿಯನ್ನೇ ಹೊಸದೆಂಬಂತೆ ಕೇಳಿ "ಹೌದಾ!" ಎನ್ನಬೇಕು. ಅದು ಆ ರಸ್ತೆಯ ಮರ್ಯಾದೆ. ಎಷ್ಟೋ ವರ್ಷಗಳ ಮೇಲೆ, ದೂರದ ಪಟ್ಟಣಗಳಲ್ಲಿ, ತನ್ನ ಊರನ್ನು ನೆನೆದಾಗ ಮಾರ್ಲಿಸ್‌ಗೆ ಮೊದಲು ನೆನಪಾಗುತ್ತಿದ್ದುದು ಗೋಧಿಯ ಬಯಲಲ್ಲ, ಚರ್ಚಿನ ಗೋಪುರವಲ್ಲ; ಯಾರೂ ಮಾತಾಡದೆ ಎಲ್ಲರೂ ಇದ್ದ ಆ ತಂತಿ.

ಗಡಿಯಾರ ಹೊಲದಾಚೆಯ ಮನೆಯ ಥೋರಾ ಹೌಗೆನ್‌ಳದು. ಗಂಡ ಸತ್ತ ಮೇಲೆ ಅವಳು ಯಾರಿಗೂ ಫೋನ್ ಮಾಡಿದ್ದಿಲ್ಲ, ಅವಳಿಗೂ ಯಾರೂ ಮಾಡುತ್ತಿರಲಿಲ್ಲ. ಗಂಡನ ಮನೆಯವರು ನಾರ್ವೆಯಿಂದ ಹೊತ್ತು ತಂದ ಗಡಿಯಾರವೊಂದು ಅವಳ ಫೋನಿನ ಪಕ್ಕದಲ್ಲೇ ನೇತಾಡುತ್ತಿತ್ತು. ಎಷ್ಟೇ ಉಸಿರು ಬಿಗಿಹಿಡಿದರೂ ಅದನ್ನು ಸುಮ್ಮನಿರಿಸುವುದು ಅವಳ ಕೈಲಿರಲಿಲ್ಲ.

ಆ ದಿನ ಆರ್ಡಿಸ್‌ಳ ತಾಳ್ಮೆ ಯಾಕೋ ಕೆಟ್ಟಿತ್ತು. ಎಲ್ವೀರಾ ತನ್ನ ಮಗಳ ನಿಶ್ಚಿತಾರ್ಥ ಮುರಿದ ಸಂಗತಿಯನ್ನು ಎತ್ತಿದ್ದಳು, ಮಾತು ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. "ಕೆಲವರಿಗೆ ಸ್ವಂತ ಮನೇಲಿ ಮಾಡೋಕೆ ಕೆಲಸಾನೇ ಇರಲ್ಲ ಅನ್ಸತ್ತೆ," ಎಂದು ಆರ್ಡಿಸ್ ಗಟ್ಟಿಯಾಗಿ ಹೇಳಿಬಿಟ್ಟಳು. ಟಕ್‌ಟಕ್ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಕ್ಲಿಕ್. ಎಲ್ವೀರಾಳ ದನಿ ಪಕ್ಕದಲ್ಲೇ ಕೂತವರ ದನಿಯಾಯಿತು.

"ಆರ್ಡಿಸ್! ಏನೇ ನೀನು, ಬಾಯಿಬಿಟ್ಟು ಅಂದೇಬಿಟ್ಯಲ್ಲೇ!"

ಮರುದಿನ ಬೆಳಿಗ್ಗೆ ಎಲ್ವೀರಾ ಮತ್ತೆ ಫೋನ್ ಮಾಡಿದಳು. ತಂತಿ ತೊಳೆದಿಟ್ಟ ಗಾಜಿನಂತಿತ್ತು. ಅಕ್ಕತಂಗಿಯರು ಹೊಸ ಪಾದ್ರಿಯ ಹೆಂಡತಿಯ ಟೊಪ್ಪಿಯಿಂದ ಹಿಡಿದು ಎಲ್ಲವನ್ನೂ ಮನಸಾರೆ ಆಡಿದರು. ನಡುವೆ ಆರ್ಡಿಸ್ ಥಟ್ಟನೆ ಸುಮ್ಮನಾದಳು.

"ಯಾಕೇ? ಇದೀಯಾ?"

"ಎಲ್ವೀರಾ, ನಿನ್ನ ದನಿ ತುಂಬಾ ಚೆನ್ನಾಗಿ ಕೇಳ್ತಿದೆ."

"ಒಳ್ಳೇದಾಯ್ತಲ್ಲ! ಮುನಿಸ್ಕೊಂಡಿರ್ತಾಳೆ, ಬಿಡು."

"ಮುನಿಸ್ಕೊಂಡ್ರೂ ಥೋರಾ ಎತ್ತದೇ ಇರ್ತಾಳಾ?"

ಇಬ್ಬರೂ ಗಡಿಯಾರದ ಸದ್ದಿಲ್ಲದ ತಂತಿಗೆ ಕಿವಿಗೊಟ್ಟು ನಿಂತರು.

ಗಂಡ ಹ್ಯಾರ್ಲನ್ ಟ್ರಕ್ ತೆಗೆದುಕೊಂಡು ಪೇಟೆಗೆ ಹೋಗಿದ್ದ. ಅವನಿಗೆ ಕಾಯದೆ ಆರ್ಡಿಸ್ ಬೂಟು ಮೆಟ್ಟಿ, ಮಗಳ ಕೈ ಹಿಡಿದು ಹಿಮದ ಹೊಲಕ್ಕಿಳಿದಳು. ಹಿಮ ಮಾರ್ಲಿಸ್‌ಳ ಮೊಣಕಾಲಿಗೆ ಬರುತ್ತಿತ್ತು. ದೂರದಿಂದಲೇ ಕಂಡಿತು: ಥೋರಾಳ ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಅಮ್ಮನ ಹಿಡಿತ ಬಿಗಿಯಾಯಿತು. "ನೋವಾಗತ್ತೆ ಅಮ್ಮಾ," ಎಂದರೂ ಅವಳಿಗೆ ಕೇಳಿಸಲಿಲ್ಲ.

ಅಡುಗೆಮನೆಯ ನೆಲಮಾಳಿಗೆಯ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಬುಡದಲ್ಲಿ ಥೋರಾ, ಆಲೂಗಡ್ಡೆಯ ಖಾಲಿ ಚೀಲಗಳನ್ನು ಹೊದ್ದುಕೊಂಡು, ಒಂದು ಕಾಲು ಇರಬಾರದ ದಿಕ್ಕಿಗೆ ಚಾಚಿ ಬಿದ್ದಿದ್ದಳು. ಕಣ್ಣು ತೆರೆದಿತ್ತು.

"ಆರ್ಡಿಸ್ಸಾ? ಒಲೆ ಆರಿದೆ. ಕಾಫಿ ಕೊಡೋಕೂ ಆಗಲ್ಲ ನೋಡು."

"ಅಯ್ಯೋ ಥೋರಾ, ಯಾವಾಗ ಬಿದ್ರಿ?"

"ನಿನ್ನೆ. ಮನೇಲಿ ಕೆಲಸ ಇತ್ತಲ್ಲ," ಎಂದಳು ಥೋರಾ. ದನಿಯಲ್ಲಿ ಕೊಂಕಿತ್ತೋ ಇಲ್ಲವೋ ಹೇಳಲಾಗದು. "ಆಲೂಗಡ್ಡೆ ತರೋಣ ಅಂತ ಇಳಿದೆ."

ಆರ್ಡಿಸ್ ತನ್ನ ಕೋಟನ್ನೇ ತೆಗೆದು ಅವಳಿಗೆ ಹೊದಿಸಿ ಮೇಲೆ ಓಡಿ ಬಂದಳು. ಫೋನಿನ ಹಿಡಿಕೆಯನ್ನು ನಿಲ್ಲಿಸದೆ ತಿರುಗಿಸಿದಳು. ಬಿಡದೆ ಬಾರಿಸುವ ಒಂದೇ ಗಂಟೆ ಎಂದರೆ ಬೆಂಕಿ, ಇಲ್ಲವೇ ಸಾವು. ಕ್ಲಿಕ್, ಕ್ಲಿಕ್, ಕ್ಲಿಕ್. ಅಷ್ಟು ಮನೆಗಳೂ ಒಟ್ಟಿಗೆ ಎತ್ತಿದವು. ಪಕ್ಕದಲ್ಲಿ ಮಾರ್ಲಿಸ್, ಇಷ್ಟು ದಿನ ಕೇಳಿಯಷ್ಟೇ ಗೊತ್ತಿದ್ದ ಗಡಿಯಾರವನ್ನು ಕತ್ತೆತ್ತಿ ನೋಡಿದಳು. ಅದು ಅವಳು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕದಿತ್ತು.

ಗಂಡಸರು ಬರುವವರೆಗೂ ಆರ್ಡಿಸ್ ಮೆಟ್ಟಿಲ ಬುಡದಲ್ಲಿ ಥೋರಾಳ ಕೈ ಉಜ್ಜುತ್ತ ಕೂತಿದ್ದಳು. ಮೊದಲು ಬಾಯಿ ತೆರೆದದ್ದು ಥೋರಾ:

"ಎಲ್ವೀರಾ ಮಗಳು... ಉಂಗುರ ವಾಪಸ್ ಕೊಟ್ಟಳಾ?"

ಆ ರಸ್ತೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಮೇಲೆ ನಿಂತಿದ್ದ ಮಾರ್ಲಿಸ್ ಮೆಟ್ಟಿಲಿನತ್ತ ಬಗ್ಗಿದಳು.

"ಕೊಟ್ಟಳು," ಎಂದಳು ಆರ್ಡಿಸ್. "ಪೋಸ್ಟಲ್ಲಿ ಕಳಿಸಿದ್ಳಂತೆ."

"ಒಳ್ಳೇದಾಯ್ತು. ಆ ಹುಡುಗ ಸರಿ ಇರಲಿಲ್ಲ," ಎಂದು ಥೋರಾ ಕಣ್ಣು ಮುಚ್ಚಿದಳು.

ಹಿಮ ಕರಗುವ ಹೊತ್ತಿಗೆ ಅವಳು ಆಸ್ಪತ್ರೆಯಿಂದ ಕೋಲೂರಿಕೊಂಡು ಮನೆಗೆ ಮರಳಿದಳು. ಅದೇ ವಸಂತದಲ್ಲಿ ಕಂಪನಿಯವರು ಬಂದು ಹೊಸ ಕಂಬ ನೆಟ್ಟರು. ಮನೆಮನೆಗೂ ಬೇರೆ ತಂತಿ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನು. "ಇನ್ನು ನಮ್ಮ ಮಾತು ನಮಗಷ್ಟೇ!" ಎಂದು ಎಲ್ವೀರಾ ಹಿಗ್ಗಿದಳು. ಆರ್ಡಿಸ್ "ಹೌದಲ್ಲ" ಎಂದು, ಮಾತು ಬೇಗ ಮುಗಿಸಿ ಫೋನ್ ಇಟ್ಟಳು.

ಕಿಟಕಿಯಾಚೆ, ಹೊಲದ ಆ ಬದಿ, ಥೋರಾಳ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಆರ್ಡಿಸ್ ಅದನ್ನೇ ನೋಡುತ್ತ ನಿಂತಳು. ಆಮೇಲೆ ನಂಬರು ತಿರುಗಿಸಿದಳು. ಆ ಕಡೆ ಎತ್ತುವುದಕ್ಕೆ ತುಂಬ ಹೊತ್ತಾಯಿತು. ತನಗೇ ಬಂದ ಕರೆ ಎಂದು ನಂಬುವುದಕ್ಕೆ ಬೇಕಾದಷ್ಟು ಹೊತ್ತು.

"ಥೋರಾ, ನಾನು ಆರ್ಡಿಸ್."

"ಹೂಂ."



"ಲೆಫ್ಸೆ ರೊಟ್ಟಿ ಲಟ್ಟಿಸ್ಬೇಕಿತ್ತು," ಎಂದಳು ಆರ್ಡಿಸ್.

"ಲಟ್ಟಿಸು ಮತ್ತೆ. ಹಿಟ್ಟು ಆರತ್ತೆ."

ಆರ್ಡಿಸ್ ರಿಸೀವರನ್ನು ಕೆಳಗಿಡಲಿಲ್ಲ. ತಂತಿ ಎಳೆದು ಅದನ್ನು ಮೇಜಿನ ಮೇಲೆ, ಆಲೂಗಡ್ಡೆ ಹಿಟ್ಟಿನ ಉಂಡೆಗಳ ಪಕ್ಕದಲ್ಲಿ ಮಲಗಿಸಿದಳು. ಲಟ್ಟಣಿಗೆ ಉರುಳತೊಡಗಿತು.

"ಅಮ್ಮಾ, ಫೋನ್ ಇಡೋದು ಮರ್ತಿದ್ದೀಯಾ," ಎಂದು ಮಾರ್ಲಿಸ್ ಕೈ ಚಾಚಿದಳು.

ಅಮ್ಮ ಹಿಟ್ಟಿನ ಬೆರಳನ್ನು ತುಟಿಯ ಮೇಲಿಟ್ಟಳು. ಮಾರ್ಲಿಸ್ ಬಗ್ಗಿ ಕಿವಿಗೊಟ್ಟಳು. ಟಕ್... ಟಕ್‌ಟಕ್... ಟಕ್.