ಪರದೆಯ ನಡುವಿನ ಕಲೆ

ಅರಸೀಕೆರೆಯ ಹುಳಿಯಾರು ರಸ್ತೆಯ ಕೊಬ್ಬರಿ ವ್ಯಾಪಾರಿ ಮಹಾಂತೇಶನ ಹೆಂಡತಿ ಪುಷ್ಪಲತಾ ಚಿತ್ರ ಬರೆಯುತ್ತಾಳೆ ಎಂಬುದು ಬೀದಿಯವರಿಗೆಲ್ಲ ಗೊತ್ತಿತ್ತು. ಚಿತ್ರ ಬರೆಯುವ ಯಂತ್ರಗಳನ್ನು ಪರೀಕ್ಷೆ ಮಾಡಿ ಜನಕ್ಕೆ ಹೇಳುತ್ತಾಳೆ ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದವರು ಬೇರೆ ಬೇರೆ ಊರುಗಳಲ್ಲಿದ್ದರು: ಚಿತ್ರಕಲೆ ಓದುವ ಹುಡುಗಿಯರು, ಮದುವೆ ಆಲ್ಬಂ ಮಾಡುವವರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದು ಬದುಕುವವರು. ಯಾವ ಪೆನ್ನು ಕೈಗೆ ಹಗುರ, ಯಾವ ಪರದೆಯಲ್ಲಿ ಕೆಂಪು ಕೆಂಪಾಗಿಯೇ ಕಾಣುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ ಅವಳ ವಿಡಿಯೋ ನೋಡದೆ ಅವರು ಏನನ್ನೂ ಕೊಳ್ಳುತ್ತಿರಲಿಲ್ಲ. ಅವಳು ಚೆನ್ನಾಗಿಲ್ಲ ಎಂದರೆ ಮುಗಿಯಿತು.

ಪುಷ್ಪಲತಾಳ ಬಲಗಣ್ಣು ಹುಟ್ಟಿದಾಗಿನಿಂದಲೇ ಮಂಕು. ಮಾದಿಹಳ್ಳಿಯ ತವರಿನಲ್ಲಿ ಅದನ್ನು ಯಾರೂ ದೊಡ್ಡ ವಿಷಯ ಮಾಡಿರಲಿಲ್ಲ. ದಪ್ಪ ಗಾಜಿನ ಕನ್ನಡಕ ಹಾಕಿಸಿದ್ದರು, ಅಷ್ಟೇ. ಎಡಗಣ್ಣೊಂದರಿಂದಲೇ ಅವಳು ಓದಿದಳು, ಬರೆದಳು, ಗೆರೆಯ ಮೇಲೆ ಹಿಡಿತ ಸಾಧಿಸಿದಳು. ಹಳೇಬೀಡಿನ ದೇವಸ್ಥಾನದ ಗೋಡೆಯ ಸುತ್ತ ಸಾಲಾಗಿ ಕೆತ್ತಿದ ಆನೆ, ಕುದುರೆ, ಹಂಸಗಳ ಪಟ್ಟಿಕೆಗಳನ್ನು ಗೆರೆಚಿತ್ರಗಳಲ್ಲಿ ತರುವ ಪುಸ್ತಕವೊಂದನ್ನು ಪ್ರಕಾಶಕರು ಅವಳಿಗೆ ಒಪ್ಪಿಸಿದ್ದರು. ಅರ್ಧಕ್ಕೂ ಹೆಚ್ಚು ಮುಗಿದಿತ್ತು.

ಆ ಹೊತ್ತಿಗೆ ಬಂತು ಲ್ಯಾಪ್‌ಟಾಪ್. ಕಲಾವಿದರಿಗೆಂದೇ ಮಾಡಿದ ದುಬಾರಿ ಯಂತ್ರ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಕೀಬೋರ್ಡು ಅಡಿಗೆ ಹೋಗಿ, ಮಡಿಲಲ್ಲಿ ಇಟ್ಟುಕೊಂಡು ಬರೆಯುವ ಹಲಗೆಯಾಗುತ್ತಿತ್ತು. ಕಂಪನಿಯಲ್ಲಿ ಪ್ರಚಾರದ ಕೆಲಸ ನೋಡುತ್ತಿದ್ದ ಮಂಜುಳಾ ಎಂಬ ಹುಡುಗಿ ಮೇಲಿನವರ ಹತ್ತಿರ ಹಟ ಹಿಡಿದು ಅದನ್ನು ಕಳಿಸಿಕೊಟ್ಟಿದ್ದಳು. ಇಂಗ್ಲಿಷಿನವರಿಗೆ, ಹಿಂದಿಯವರಿಗೆ ಮಾತ್ರ ಯಾಕೆ, ಕನ್ನಡದಲ್ಲೂ ಒಬ್ಬರು ನೋಡಿ ಹೇಳಲಿ ಎಂಬುದು ಅವಳ ವಾದ. ಅಂಥ ಯಂತ್ರ ಪುಷ್ಪಲತಾಳ ಕೈಗೆ ಬಂದದ್ದು ಅದೇ ಮೊದಲು.

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅವಳು ಅದನ್ನು ಹಳೇಬೀಡಿಗೆ ಒಯ್ದಳು. ದೇವಸ್ಥಾನದ ಹುಲ್ಲಿನ ಮೇಲೆ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟು, ಆನೆಗಳ ಸಾಲನ್ನು ಬರೆದಳು. ಪೆನ್ನು ಒತ್ತಿದರೆ ಗೆರೆ ದಪ್ಪವಾಗುತ್ತಿತ್ತು, ಸಡಿಲಿಸಿದರೆ ಕೂದಲೆಳೆಯಾಗುತ್ತಿತ್ತು. ಬಿಸಿಲಲ್ಲೂ ಬಣ್ಣ ಮಾಸುತ್ತಿರಲಿಲ್ಲ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಸುತ್ತ ನೆರೆದರೂ ಅವಳಿಗೆ ಪರಿವೆ ಇರಲಿಲ್ಲ. ಇಷ್ಟು ವರ್ಷ ಕಾಗದದ ಮೇಲೆ ಬರೆದು, ಅದರ ಫೋಟೋ ತೆಗೆದು, ಮತ್ತೆ ತಿದ್ದಿ ಒದ್ದಾಡಿದ್ದೆಲ್ಲ ವ್ಯರ್ಥವಾಯಿತಲ್ಲ ಎನ್ನಿಸುವಷ್ಟು ಖುಷಿಯಾಗಿತ್ತು.

ಮನೆಗೆ ಬಂದು ಪಟ್ಟಿಕೆಗಳ ನಡುವೆ ಅಡ್ಡಗೆರೆ ಎಳೆಯಲು ಕೂತಾಗ ಅದು ಕಾಣಿಸಿತು. ಎಳೆದ ಗೆರೆ ಪರದೆಯ ನಡುಭಾಗಕ್ಕೆ ಬಂದಾಗ ತುಸು ಕುಸಿದು, ಮತ್ತೆ ಮೇಲೆದ್ದು ಸಾಗುತ್ತಿತ್ತು. ಅಳಿಸಿ ಮತ್ತೆ ಎಳೆದಳು. ಅದೇ ಕುಸಿತ. ಬಿಳಿ ಹಾಳೆಯನ್ನು ತೆರೆದರೆ ಅದೇ ಜಾಗದಲ್ಲಿ ಒದ್ದೆ ಬೆರಳು ಒತ್ತಿದಂಥ ಬೂದುಬಣ್ಣದ ಕಲೆ.

ಮಳಿಗೆಯಿಂದ ಊಟಕ್ಕೆ ಬಂದಿದ್ದ ಮಹಾಂತೇಶನನ್ನು ಕರೆದು ತೋರಿಸಿದಳು. ಅವನು ಬಗ್ಗಿ ನೋಡಿ, ನನಗೇನೂ ಕಾಣಲ್ಲ, ಸರಿಯಾಗೇ ಇದೆ ಎಂದ.

"ನಿಮಗೆ ಗೊತ್ತಾಗಲ್ಲ ಬಿಡಿ. ಇದಕ್ಕೆ ಕಣ್ಣು ಪಳಗಿರಬೇಕು," ಎಂದಳು ಪುಷ್ಪಲತಾ.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಕೊಬ್ಬರಿಯ ಬಣ್ಣ ನೋಡಿ ಒಳಗಿನ ಎಣ್ಣೆ ಹೇಳುವ ತನಗೆ ಹೆಂಡತಿಯ ಗೆರೆಗಳು ಅರ್ಥವಾಗುವುದಿಲ್ಲ ಎಂದು ಅವನು ಮದುವೆಯಾದ ಹೊಸತರಲ್ಲೇ ಒಪ್ಪಿಕೊಂಡಿದ್ದ. ಕೈ ತೊಳೆದು ಊಟಕ್ಕೆ ಕೂತ. ಅತ್ತೆ ಕಮಲಾಕ್ಷಮ್ಮ ಮಾತ್ರ ಅಡುಗೆಮನೆಯಿಂದಲೇ, ಒಂದಿನ ಅದನ್ನ ಮುಚ್ಚಿಟ್ಟು ಕಣ್ಣಿಗೆ ಬಿಡುವು ಕೊಡವ್ವ ಎಂದರು. ಪುಷ್ಪಲತಾ ಕೇಳಿಸಿಕೊಳ್ಳಲಿಲ್ಲ.

ಕ್ಯಾಮೆರಾದಲ್ಲಿ ಆ ಕಲೆ ಮೂಡಲೇ ಇಲ್ಲ. ಎಷ್ಟು ಕೋನದಿಂದ ತೆಗೆದರೂ, ಓರೆನೋಟದಲ್ಲಿ ಕಂಡ ಕ್ಯಾಮೆರಾದ ಪುಟ್ಟ ಚಿತ್ರದಲ್ಲಿ ಪರದೆ ತಿಳಿಯಾಗಿಯೇ ಇತ್ತು. ಅಲ್ಲಿಯಾದರೂ ಅವಳು ನಿಲ್ಲಬಹುದಿತ್ತು. ಆದರೆ ತಾನು ಕಂಡದ್ದರ ಬಗ್ಗೆ ಅವಳಿಗೆ ಎಂದೂ ಅನುಮಾನ ಬಂದದ್ದಿಲ್ಲ. ವಿಡಿಯೋದಲ್ಲಿ ಪೆನ್ನನ್ನು ಹೊಗಳಿದಳು, ಕೀಲಿನ ಬಿಗಿಯನ್ನು ಹೊಗಳಿದಳು. ಕೊನೆಗೆ, ಪರದೆಯ ನಡುವೆ ಗೆರೆ ಬಾಗುತ್ತದೆ, ಕಲೆ ಇದೆ, ಕ್ಯಾಮೆರಾಗೆ ಸಿಗುತ್ತಿಲ್ಲ, ಆದರೆ ನನ್ನ ಕಣ್ಣನ್ನು ನಂಬಿ, ಮಡಚಿ ಮಡಚಿ ಪರದೆ ಸೊರಗುತ್ತಿರಬೇಕು, ಗೆರೆಯನ್ನೇ ನಂಬಿ ಬದುಕುವವರು ಇದನ್ನು ಕೊಳ್ಳಬೇಡಿ ಎಂದಳು.

ಅವಳ ಯಾವ ವಿಡಿಯೋವನ್ನೂ ಜನ ಅಷ್ಟು ನೋಡಿರಲಿಲ್ಲ. ಬೇರೆ ಭಾಷೆಯ ಚಾನೆಲ್‌ಗಳವರು ಅವಳ ಮಾತನ್ನು ಎತ್ತಿಕೊಂಡು ಹೇಳಿದರು. ಕೊಳ್ಳಬೇಕೆಂದಿದ್ದವರು ಬಿಟ್ಟೆವು ಎಂದು ಬರೆದರು. ಕೊಂಡಿದ್ದ ಕೆಲವರು ನಮ್ಮದರಲ್ಲೂ ಏನೋ ಹಾಗೆ ಕಾಣುತ್ತದೆ ಎಂದೂ ಬರೆದರು. ಅದನ್ನು ಓದಿ ಅವಳಿಗಿದ್ದ ಧೈರ್ಯ ಇನ್ನಷ್ಟು ಗಟ್ಟಿಯಾಯಿತು.

ಮಂಜುಳಾ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಅದೊಂದು ಪೀಸ್ ಕೆಟ್ಟಿರಬಹುದು, ಇನ್ನೊಂದು ಕಳಿಸುತ್ತೇನೆ, ದಯವಿಟ್ಟು ಅದನ್ನೂ ನೋಡಿ ಎಂದಳು. ಎರಡನೆಯದೂ ಬಂತು. ಅದರಲ್ಲೂ ಅದೇ ಕುಸಿತ, ಅದೇ ಕಲೆ. ಮೊದಲಿಗಿಂತ ಕಪ್ಪಾಗಿಯೇ ಇತ್ತು. ಪುಷ್ಪಲತಾ ಗೆದ್ದವಳಂತೆ ಇನ್ನೊಂದು ಚಿಕ್ಕ ವಿಡಿಯೋ ಮಾಡಿ, ಎರಡೂ ಹೀಗೇ ಇವೆ ಎಂದು ಹಾಕಿಬಿಟ್ಟಳು.

ಮತ್ತೆ ಮಂಜುಳಾಳ ಫೋನ್ ಬಂದಾಗ ಅವಳು ಹಜಾರದಲ್ಲಿ ಎರಡು ಲ್ಯಾಪ್‌ಟಾಪ್‌ಗಳನ್ನೂ ಮುಂದಿಟ್ಟುಕೊಂಡು ಕೂತಿದ್ದಳು.

"ಮೇಡಂ, ನಮ್ಮ ಎಂಜಿನಿಯರ್‌ಗಳು ಒಂದು ಕೇಳ್ತಿದ್ದಾರೆ," ಎಂದಳು ಮಂಜುಳಾ. "ಕಲೆ ಇರೋ ಜಾಗಕ್ಕೆ ಒಂದು ಚಿಕ್ಕ ಕಾಗದ ಅಂಟಿಸಿ. ಆಮೇಲೆ ಪರದೆಯ ಮೂಲೆ ನೋಡಿ. ಕಲೆ ಕಾಗದದ ಕೆಳಗೇ ಇರುತ್ತಾ, ಇಲ್ಲ ನೀವು ನೋಡಿದ ಕಡೆ ಬರುತ್ತಾ?"

ಪುಷ್ಪಲತಾ ಕಾಗದ ಅಂಟಿಸಿದಳು. ಎಡ ಮೂಲೆ ನೋಡಿದಳು. ಕಲೆ ಅಲ್ಲಿತ್ತು. ಬಲ ಮೂಲೆ ನೋಡಿದಳು. ಅಲ್ಲಿಯೂ ಇತ್ತು. ತಲೆಯೆತ್ತಿ ಎದುರಿನ ಕಿಟಕಿ ನೋಡಿದಳು. ಕಂಬಿಗಳು ನಡುವೆ ಬಾಗಿ, ಒಂದಕ್ಕೊಂದು ಅಂಟಿಕೊಂಡಂತಿದ್ದವು. ಬಾಗಿಲಿನ ಚೌಕಟ್ಟು ನೋಡಿದಳು, ಗೋಡೆಯ ಮೇಲಿನ ಮಠದ ಕ್ಯಾಲೆಂಡರ್ ನೋಡಿದಳು. ತಾರೀಕುಗಳ ಸಾಲು ನಡುವಿಗೆ ಬಂದು ಕರಗಿಹೋಗಿತ್ತು. ಇಷ್ಟು ಕಾಲ ಕಿಟಕಿಯನ್ನು ಕಿಟಕಿಯೆಂದು ನೋಡಿದ್ದಳೇ ಹೊರತು ಅದರ ಕಂಬಿ ನೆಟ್ಟಗಿದೆಯೇ ಎಂದು ನೋಡಿರಲಿಲ್ಲ. ಗೆರೆ ನೆಟ್ಟಗಿದೆಯೇ ಎಂದು ಅವಳು ನೋಡುತ್ತಿದ್ದದ್ದು ಪರದೆಯ ಮೇಲೆ ಮಾತ್ರ.

"ಮೇಡಂ?" ಎಂದಳು ಮಂಜುಳಾ.

"ನಿಮ್ಮ ಮಿಷನ್ ಸರಿಯಾಗೇ ಇದೆಯಮ್ಮ," ಎಂದಳು ಪುಷ್ಪಲತಾ. ಆಮೇಲೆ ಫೋನ್ ಇಟ್ಟಳು.

ಮಹಾಂತೇಶ ಅಂದೇ ಮಳಿಗೆಗೆ ಬೀಗ ಹಾಕಿ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರ್ ಹೇಮಾಶ್ರೀ ಇನ್ನೂ ಚಿಕ್ಕ ವಯಸ್ಸಿನವರು. ಕಣ್ಣಿಗೆ ಹನಿ ಹಾಕಿ, ಒಳಗಿನ ಫೋಟೋ ತೆಗೆದು, ಬಹಳ ಹೊತ್ತು ನೋಡಿದರು. ಇಷ್ಟು ದಪ್ಪ ಕನ್ನಡಕ ಹಾಕುವವರಿಗೆ ಕಣ್ಣಿನ ಹಿಂಬದಿಯ ಪದರ ತೆಳುವಾಗಿರುತ್ತದೆ, ನಿಮ್ಮ ಎಡಗಣ್ಣಿನಲ್ಲಿ ಅಲ್ಲೇ ಬೆಳೆಯಬಾರದ ರಕ್ತನಾಳ ಬೆಳೆದು ಸೋರುತ್ತಿದೆ, ಸರಿಯಾಗಿ ನೋಟದ ನಡುಮಧ್ಯದಲ್ಲೇ ಎಂದು ವಿವರಿಸಿದರು. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಒಂದಲ್ಲ, ಹಲವು. ಸೋರುವುದು ನಿಲ್ಲುತ್ತದೆ. ಆದರೆ ಆಗಲೇ ಗಾಯ ಕಟ್ಟಿರುವ ಕಡೆ ನೋಟ ತಿರುಗಿ ಬರುವುದು ಕಷ್ಟ.

"ಗೆರೆ ಸೊಟ್ಟಗೆ ಕಾಣೋಕೆ ಶುರುವಾದಾಗಲೇ ಬಂದಿದ್ರೆ ತುಂಬಾ ಉಳಿಸಬಹುದಿತ್ತು," ಎಂದರು ಡಾಕ್ಟರ್. "ನಿಮಗೆ ಗೊತ್ತಾಗಲಿಲ್ವಾ?"

ಪುಷ್ಪಲತಾಳಿಗೆ ಗೊತ್ತಾಗಿತ್ತು. ಊರಿಗೆಲ್ಲ ಸಾರಿದ್ದಳು. ತನ್ನ ಕಣ್ಣು ಹೋಗುತ್ತಿದೆ ಎಂಬುದನ್ನು ಸಾವಿರಾರು ಜನರ ಮುಂದೆ ಕೂತು, ಗೆರೆ ಗೆರೆಯಾಗಿ ವಿವರಿಸಿ, ಅದು ಯಂತ್ರದ ತಪ್ಪು ಎಂದು ಹೇಳಿದ್ದಳು. ಪಕ್ಕದಲ್ಲಿದ್ದ ಮಹಾಂತೇಶ ಅವಳ ಮೊಣಕೈ ಹಿಡಿದುಕೊಂಡ. ಅವತ್ತು ಊಟದ ಹೊತ್ತಿಗೆ ತಾನು ಇನ್ನೊಂದು ಮಾತು ಹೆಚ್ಚಿಗೆ ಹೇಳಬೇಕಿತ್ತು ಎಂದು ಅವನು ಬಸ್ಸಿನಲ್ಲಿ ಬರುವಾಗ ಗೊಣಗಿಕೊಂಡ. ಅವನು ಹಾಗೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದು ಅವಳಿಗೆ ಸಹಿಸಲಾಗಲಿಲ್ಲ. ಗಂಡಸಿ ಊರು ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಹೊರಗೆ ತೆಂಗಿನ ಮರಗಳು ನಡುವೆ ಮುರಿದು ಮುರಿದು ಸಾಗುತ್ತಿದ್ದವು.

ಇಂಜೆಕ್ಷನ್‌ಗಳ ನಡುವಿನ ದಿನಗಳಲ್ಲಿ ಅವಳು ಎರಡೂ ವಿಡಿಯೋ ತೆಗೆದುಹಾಕಿ ಮೂರನೆಯದೊಂದನ್ನು ಮಾಡಿದಳು. ಪರದೆಯಲ್ಲಿ ದೋಷವಿರಲಿಲ್ಲ, ನನ್ನ ಕಣ್ಣಿನಲ್ಲಿತ್ತು, ಕ್ಷಮಿಸಿ ಎಂದಷ್ಟೇ ಹೇಳಿದಳು. ಇನ್ನೂ ಏನೇನೋ ಹೇಳಬೇಕೆಂದು ಕೂತಿದ್ದವಳು ಕ್ಯಾಮೆರಾ ಆರಿಸಿಬಿಟ್ಟಳು. ಬೇಗ ಗುಣವಾಗಲಿ ಅಕ್ಕಾ ಎಂದು ಜನ ಬರೆದರು. ಕಂಪನಿಯವರು ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದಾರೆ ಎಂದೂ ಬರೆದರು. ಅವನ್ನು ಅವಳಿಗೆ ಓದಿ ಹೇಳಿದ್ದು ಮಹಾಂತೇಶ. ಎರಡನೆಯ ಬಗೆಯವನ್ನು ಅವನು ನುಂಗಿಕೊಳ್ಳುತ್ತಿದ್ದಾನೆ ಎಂಬುದು ಅವನು ನಡುನಡುವೆ ನಿಲ್ಲಿಸುವುದರಿಂದಲೇ ತಿಳಿಯುತ್ತಿತ್ತು. ಮೊದಲ ವಿಡಿಯೋವನ್ನು ಎತ್ತಿಕೊಂಡಿದ್ದ ಚಾನೆಲ್‌ಗಳು ಈ ಮೂರನೆಯದನ್ನು ಎತ್ತಿಕೊಳ್ಳಲಿಲ್ಲ. ಮಡಚುವ ಪರದೆ ಬಾಗುತ್ತದಂತೆ ಎಂಬ ಮಾತು ಹಾಗೇ ಉಳಿಯಿತು.

ಲ್ಯಾಪ್‌ಟಾಪ್‌ಗಳನ್ನು ಹಿಂದಿರುಗಿಸುವ ಸಲುವಾಗಿ ಮಂಜುಳಾಳ ನಂಬರಿಗೆ ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿದರು. ಅವರು ಈಗ ಆ ಕೆಲಸದಲ್ಲಿಲ್ಲ ಎಂದರು. ಹೇಗೋ ಅವಳ ಸ್ವಂತ ನಂಬರು ಹುಡುಕಿ ಮಾತಾಡಿದಾಗ ಮಂಜುಳಾ, ನಿಮ್ಮದೇನೂ ತಪ್ಪಿಲ್ಲ ಮೇಡಂ, ಕನ್ನಡಕ್ಕೆ ಕೊಡೋಣ ಅಂತ ಹಟ ಹಿಡಿದವಳು ನಾನೇ ಅಲ್ವಾ, ಇನ್ನು ಮೇಲೆ ಕನ್ನಡದವರಿಗೆ ಕೊಡೋದೇ ಬೇಡ ಅಂತ ಮೇಲಿನವರು ತೀರ್ಮಾನ ಮಾಡಿಬಿಟ್ರು ಎಂದಳು. ಆಮೇಲೆ ಕಣ್ಣು ಹೇಗಿದೆ ಎಂದು ವಿಚಾರಿಸಿದಳು. ಬೈದಿದ್ದರೆ ಸುಲಭವಾಗುತ್ತಿತ್ತು ಎಂದು ಪುಷ್ಪಲತಾಳಿಗೆ ಅನ್ನಿಸಿತು.

ಸೋರುವುದು ನಿಂತಿತು. ಡಾಕ್ಟರ್ ಅದನ್ನು ಒಳ್ಳೆಯ ಸುದ್ದಿ ಎಂದೇ ಹೇಳಿದರು, ಅವರ ಲೆಕ್ಕದಲ್ಲಿ ಅದು ಒಳ್ಳೆಯದೇ. ಅವಳು ಗೋಡೆಗೆ ಡಿಕ್ಕಿ ಹೊಡೆಯದೆ ಓಡಾಡಬಲ್ಲಳು, ಹಾಲು ಉಕ್ಕುವುದನ್ನು ಕಾಣಬಲ್ಲಳು. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದದ್ದು ಮಾತ್ರ ಕಾಣುವುದಿಲ್ಲ. ಪ್ರಕಾಶಕರು ಕಾಯುತ್ತೇವೆ ಎಂದರು, ಆಮೇಲೆ ಉಳಿದ ಚಿತ್ರಗಳನ್ನು ಇನ್ನೊಬ್ಬರಿಂದ ಬರೆಸುತ್ತೇವೆ, ನಿಮ್ಮ ಹೆಸರೂ ಇರುತ್ತದೆ ಎಂದರು. ಅವಳು ಆಗಲಿ ಎಂದಳು. ಒಂದು ಮಧ್ಯಾಹ್ನ ಕಾಗದ ತೆಗೆದು, ನೋಡದೆಯೇ ಕೈಯ ಅಭ್ಯಾಸದ ಮೇಲೆ ಆನೆ ಬರೆದು, ಚೆನ್ನಾಗಿ ಬಂದಿದೆಯಾ ಎಂದು ಗಂಡನನ್ನು ಕೇಳಿದಳು. ಅವನು ಚೆನ್ನಾಗಿದೆ ಎಂದ. ಅವನು ಹಾಗೇ ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಬರೆಯಲಿಲ್ಲ.

ಕಾರ್ತಿಕ ಮಾಸದಲ್ಲಿ ನೆಂಟರ ಮನೆಯ ನಾಮಕರಣಕ್ಕೆಂದು ಬೇಲೂರಿಗೆ ಹೋಗಬೇಕಾಯಿತು. ಪುಷ್ಪಲತಾಳಿಗೆ ಮನಸ್ಸಿರಲಿಲ್ಲ. ಕಮಲಾಕ್ಷಮ್ಮ ಬಿಡಲಿಲ್ಲ. ಊಟ ಮುಗಿದ ಮೇಲೆ ಮಹಾಂತೇಶ ಗಂಡಸರ ಜೊತೆ ಮಾತಿಗೆ ಕೂತಾಗ ಅತ್ತೆ ಸೊಸೆಯ ಕೈ ಹಿಡಿದು ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಪ್ರಾಕಾರದ ಕಲ್ಲುಹಾಸು ಕಾದಿತ್ತು. ಹೊರಗೋಡೆಯ ನೆರಳಲ್ಲಿ ನಿಂತು ಪುಷ್ಪಲತಾ ಸೂರಿನಡಿ ಚಾಚಿನಿಂತ ಮದನಿಕೆಯರ ಕಡೆ ತಲೆಯೆತ್ತಿದಳು. ಒಬ್ಬಳ ಬಾಗಿದ ಸೊಂಟ ಕಂಡಿತು, ಎತ್ತಿದ ಕೈ, ಮೇಲಿನ ಬಳ್ಳಿಯ ಚಪ್ಪರ. ಮುಖವಿರಬೇಕಾದಲ್ಲಿ ಬೂದಿ ಬಣ್ಣದ ತೂತು. ನೋಟ ಬದಿಗೆ ಸರಿಸಿದರೆ ಮುಖ ಬರುತ್ತಿತ್ತು, ಆದರೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ.

"ಅತ್ತೆ, ಇವಳ ಮುಖ ಹೇಗಿದೆ ಹೇಳಿ," ಎಂದಳು.

ಕಮಲಾಕ್ಷಮ್ಮ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಚೆಂದಾಗೈತೆ ಕಣವ್ವ. ದುಂಡಗೈತೆ."

"ನಗ್ತಾ ಇದಾಳಾ?"

"ನಗ್ತಾವಳೆ ಅನ್ಸುತ್ತೆ. ಅಲ್ಲ, ಏನೋ ಯೋಚ್ನೆ ಮಾಡ್ತಾವಳೆ. ನಂಗೆ ಹೇಳಕ್ಕೆ ಬರಲ್ಲ ಕಣವ್ವ."

ಪುಷ್ಪಲತಾ ಅತ್ತೆಯ ಕಡೆ ತಿರುಗಿದಳು. ಹಸಿರು ಸೀರೆ, ಕುತ್ತಿಗೆಯ ಲಿಂಗದ ಕರಡಿಗೆ, ನರೆತ ತಲೆಗೂದಲು ಕಂಡವು. ದನಿ ಏನೋ ಬದಲಾದಂತಿತ್ತು.

"ಅಳ್ತಿದೀರಾ ಅತ್ತೆ?"

"ಇಲ್ಲ ಬಿಡು," ಎಂದರು ಕಮಲಾಕ್ಷಮ್ಮ. "ಬಿಸ್ಲು ಜಾಸ್ತಿ ಐತೆ."

ಮೊದಲಾಗಿದ್ದರೆ ಅತ್ತೆಯ ಮುಖ ಒಮ್ಮೆ ನೋಡಿದರೆ ತಿಳಿಯುತ್ತಿತ್ತು. ಪುಷ್ಪಲತಾ ಅತ್ತೆಯ ಮಾತನ್ನೇ ನಿಜವೆಂದುಕೊಂಡು, ನೆರಳು ಹಿಡಿದು ಮುಂದೆ ನಡೆದಳು.