ತಾತ ಕಳಿಸಿದ ಕಿವಿಯಿಲ್ಲದ ಕುದುರೆ

ದೊಡ್ಡಪ್ಪ ಹದಿನೈದು ದಿನ ಬಾಯಿ ಬಿಡಕೂಡದು ಎಂದು ಡಾಕ್ಟರು ಹೇಳಿದ ಸುದ್ದಿ ಬಂದಾಗ ಮನೆಮಂದಿಯೆಲ್ಲ ಅಯ್ಯೋ ಪಾಪ ಎಂದರು. ಹಾಗೆಂದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ನಗು ತಡೆಯುವುದು ಕಷ್ಟವಿತ್ತು. ಗಂಟಲಲ್ಲಿ ಕಡಲೆಕಾಳಿನಷ್ಟು ಗಂಟು, ಕೆಟ್ಟದ್ದೇನಲ್ಲ, ತೆಗೆದಿದ್ದರು. ಅದೂ ವರ್ಷದ ಕೊನೆಯ ರಜೆಗೆ ಸರಿಯಾಗಿ. ಅಂದರೆ ಈ ಸಲ ಟ್ರಂಕು ತೆರೆಯುವ ಕಾರ್ಯಕ್ರಮ ತಪ್ಪಿತು ಎಂದು ಎಲ್ಲರೂ ಒಳಗೊಳಗೇ ಹಿಗ್ಗಿದರು.

ಆ ಹಿಗ್ಗು ಒಂದು ಸಂಜೆಯೂ ಬಾಳಲಿಲ್ಲ. ದೊಡ್ಡಮ್ಮ ಫೋನು ಮಾಡಿದರು.

"ಲೇ ಟಿಕೆಟ್, ಈ ಸಲ ನೀನೇ ಓದ್ಬೇಕಂತೆ ಕಣೇ."

"ನಾನಾ? ಯಾಕೆ, ಅಣ್ಣ ಇಲ್ವಾ?"

"ನನ್ನ ಮಗ ಓದಿದ್ರೆ ಅವನ ಅಂಗಡೀಲಿ ಫ್ರಿಜ್ ಮಾರಿದ ಹಾಗಿರುತ್ತಂತೆ. ನಿಂದು ಕಂಚಿನ ಕಂಠ ಅಂತ ಚೀಟೀಲಿ ಬರೆದು ತೋರಿಸ್ತಿದ್ದಾರೆ. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ಇಲ್ಲ ಅಂದ್ರೆ ನನ್ನ ತಲೆ ತಿಂತಾರೆ. ಬಾಯಿಲ್ಲದೆ ಹೇಗೆ ತಿಂತಾರೋ ಗೊತ್ತಿಲ್ಲ, ಆದ್ರೂ ತಿಂತಿದ್ದಾರೆ."

ಟಿಕೆಟ್ ಎಂಬುದು ಮನೆಯವರು ಅವಳಿಗಿಟ್ಟ ಹೆಸರು. ಸಿಟಿ ಬಸ್ಸಿನಲ್ಲಿ ಅವಳು ಕಂಡಕ್ಟರು. ಮುಂದಿನ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನೂ ಎದ್ದು ಚಿಲ್ಲರೆ ಹುಡುಕಬೇಕು, ಅಂಥ ಗಂಟಲು. ಕಾರ್ಯಕ್ರಮವೆಂದರೆ ಅವಳಿಗೆ ಮೈಯೆಲ್ಲ ಉರಿ. ಆದರೆ ದೊಡ್ಡಪ್ಪ ಅಪ್ಪನಿಲ್ಲದ ಅವಳನ್ನು ಬೆರಳು ಹಿಡಿದು ಶಾಲೆಗೆ ಸೇರಿಸಿದವರು. ಇಲ್ಲ ಎನ್ನುವುದಕ್ಕೆ ಅವಳಿಗೆ ನಾಲಿಗೆ ಬರಲಿಲ್ಲ.

ಕಾರ್ಯಕ್ರಮ ನಡೆಯುತ್ತಿದ್ದದ್ದು ಹೀಗೆ. ರಜೆಯ ಮೊದಲ ಸಂಜೆ ಎಲ್ಲರೂ ದೊಡ್ಡಪ್ಪನ ಮನೆಯಲ್ಲಿ ಸೇರಬೇಕು. ಅಡುಗೆ ಆಗಿರುತ್ತದೆ, ಬಡಿಸುವ ಹಾಗಿಲ್ಲ. ನಡುಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ದೊಡ್ಡಪ್ಪ ಟ್ರಂಕಿನಿಂದ ಒಂದೊಂದೇ ಸಾಮಾನು ತೆಗೆದಿಡುತ್ತಾರೆ. ಕಿವಿಯಿಲ್ಲದ ಮರದ ಕುದುರೆ. ಎರಡು ಕೋಲಿನ ಜಾಗದಲ್ಲಿ ಒಂದೇ ಕೋಲು ಹಿಡಿದ ತಗಡಿನ ಡೋಲು ಕೋತಿ. ಒಂದು ಕಣ್ಣು ಯಾವಾಗಲೂ ಮುಚ್ಚಿಕೊಂಡೇ ಇರುವ ಪಿಂಗಾಣಿ ಬೊಂಬೆ. ಅದು ಯಾರಿಗೋ ಕಣ್ಣು ಹೊಡೆಯುತ್ತಿರುವ ಹಾಗೆ ಕಾಣುತ್ತಿತ್ತು, ಹಾಗೆಂದು ಹೇಳಿದವರಿಗೆ ಬೈಗುಳ. ಮೂರು ಚಕ್ರದ ತಗಡಿನ ಕಾರು, ಅದಕ್ಕೆ ಇರಬೇಕಾಗಿದ್ದದ್ದು ನಾಲ್ಕು. ಕೊನೆಗೆ ರೇಷ್ಮೆ ದಾರ ಕಟ್ಟಿದ ಪೋಸ್ಟ್‌ಕಾರ್ಡುಗಳ ಕಟ್ಟು: ಒಂದು ಬದಿಗೆ ಬಣ್ಣ ಬಳಿದ ಹಡಗು, ಸಮುದ್ರ, ಕೊಡೆ ಹಿಡಿದ ಹೆಂಗಸು, ಗಡಿಯಾರದ ಗೋಪುರ, ಇನ್ನೊಂದು ಬದಿಗೆ ತಾತನ ಅಕ್ಷರ.

ತಾತ ಹಡಗಿನ ಕಂಪನಿಯಲ್ಲಿ ಅಧಿಕಾರಿ. ರಜೆಯಲ್ಲೂ ಮನೆಗೆ ಬಾರದೆ, ನಮಗಾಗಿ ಸಮುದ್ರದ ಮೇಲೆ ಜೀವ ತೇಯ್ದವರು ಎಂಬುದು ದೊಡ್ಡಪ್ಪನ ಮಾತು. ಪ್ರತಿ ರಜೆಗೂ ಒಂದು ಕಾರ್ಡು, ಒಂದು ಆಟಿಕೆ. ಎಲ್ಲರೂ ಎದ್ದು ನಿಂತು ಕೇಳಬೇಕು, ಆಟಿಕೆಗಳನ್ನು ಮುಟ್ಟಬಾರದು. ಶಾಲಾ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ದೊಡ್ಡಪ್ಪ ಒಂದೊಂದು ಸಾಲನ್ನೂ ದೇವರ ಮುಂದೆ ನಿಂತವರ ಹಾಗೆ, ಪಿಸುದನಿಯಲ್ಲಿ, ಕಣ್ಣು ತೇವ ಮಾಡಿಕೊಂಡು ಓದಿ ಅರ್ಥ ಹೇಳುತ್ತಿದ್ದರು. ಮಕ್ಕಳ ಹೊಟ್ಟೆ ತಾಳ ಹಾಕುತ್ತಿತ್ತು. ದೊಡ್ಡವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಒಳಗಿನಿಂದ ಬರುವ ಘಮಕ್ಕೆ ಮೂಗರಳಿಸುತ್ತಿದ್ದರು.

ಕೂತಿರುವ ಅಪ್ಪಣೆ ಇದ್ದದ್ದು ಸಣ್ಣಜ್ಜಿಗೆ ಮಾತ್ರ. ತಾತನ ತಂಗಿ, ದೊಡ್ಡಪ್ಪನಿಗೆ ಸೋದರತ್ತೆ. ತೊಂಬತ್ತರ ಹತ್ತಿರದ ವಯಸ್ಸು, ಈ ಮನೆಗೆ ಬಂದು ಸೇರುವ ಹೊತ್ತಿಗೇ ಕಿವಿ ಪೂರ್ತಿ ಮಂದ. ಕಿವಿಗೆ ಮೆಷಿನು ತಂದುಕೊಟ್ಟರೆ "ಈ ಮನೇಲಿ ಕೇಳೋ ಅಂಥದ್ದು ಏನಿದೆ?" ಎಂದು ಅದನ್ನು ಅಡಕೆ ಡಬ್ಬಿಯೊಳಗೆ ಹಾಕಿಟ್ಟಿದ್ದಳು. ಕಾರ್ಯಕ್ರಮದ ಉದ್ದಕ್ಕೂ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ತಲೆದೂಗುತ್ತಿದ್ದಳು. ಅದನ್ನು ತೋರಿಸಿ ದೊಡ್ಡಪ್ಪ, "ನೋಡಿ, ಅಣ್ಣನ ನೆನಪು ಅಂದ್ರೆ ಅತ್ತೆಗೆ ಈಗಲೂ ಎಷ್ಟು ಭಕ್ತಿ" ಎನ್ನುತ್ತಿದ್ದರು.

ಆ ಸಂಜೆ ಟಿಕೆಟ್ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದಳು. ದೊಡ್ಡಪ್ಪ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮೇಜಿನ ತುದಿಯಲ್ಲಿ ಕೂತಿದ್ದರು, ಕೈಯಲ್ಲಿ ಹಳೆಯ ಶಾಲೆಯ ಗಂಟೆ.

"ಒಂದು ಸಲ ಬಾರಿಸಿದ್ರೆ ನಿಲ್ಲಿಸು ಅಂತ, ಎರಡು ಸಲ ಬಾರಿಸಿದ್ರೆ ಮುಂದೆ ಹೋಗು ಅಂತ" ಎಂದರು ದೊಡ್ಡಮ್ಮ.

"ನಂಗೆ ಅಭ್ಯಾಸ ಇದೆ ಬಿಡಿ ದೊಡ್ಡಮ್ಮ. ಬಸ್ಸಲ್ಲೂ ಅದೇ."

ಟಣ್ ಟಣ್ ಎಂದಿತು ಗಂಟೆ. ಎಲ್ಲರೂ ಎದ್ದು ನಿಂತರು. ಟಿಕೆಟ್ ಮೊದಲ ಕಾರ್ಡು ಕೈಗೆತ್ತಿಕೊಂಡಳು. ದೊಡ್ಡಪ್ಪನ ಹಾಗೆ ಪಿಸುಗುಟ್ಟಲು ನೋಡಿದಳು; ಇಡೀ ದಿನ ಕೂಗಿದ ಗಂಟಲು, ಪಿಸುಮಾತು ಬರುವುದೆಲ್ಲಿಂದ? ಆಗಿದ್ದಾಗಲಿ ಎಂದು ತನ್ನ ದನಿಯಲ್ಲೇ ಓದಿದಳು.

"ಇಲ್ಲಿ ಕ್ಷೇಮ! ಈ ರಜೆಗೂ ಬರಲಾಗದು, ಕೆಲಸ ವಿಪರೀತ! ಹೊರಗೆ ಚಳಿ ಇದ್ದರೂ ನನಗೆ ಮಾತ್ರ ಸೆಖೆ ತಡೆಯಲಾಗುತ್ತಿಲ್ಲ! ಸಣ್ಣವರ ಕಾಟ ಬಹಳ, ನಿನ್ನೆ ಒಬ್ಬ ಕಾಲಿಗೆ ಒದ್ದ! ಮಗನಿಗೆ ಕುದುರೆ ಕಳಿಸಿದ್ದೇನೆ!"

ಕಿಟಕಿಯ ಗಾಜು ಝುಮ್ಮೆಂದಿತು. ದೊಡ್ಡಪ್ಪ ಬರೆದಿಟ್ಟಿದ್ದ ಅರ್ಥವನ್ನೂ ಅವಳು ಅದೇ ಎತ್ತರದಲ್ಲಿ ಓದಿದಳು. "ಸೆಖೆ ಎಂದರೆ ಹಡಗಿನ ಎಂಜಿನ್ ಕೋಣೆಯ ಬೆಂಕಿ! ತಾತ ಅದರ ಪಕ್ಕದಲ್ಲೇ ನಿಂತು ಹಡಗು ನಡೆಸುತ್ತಿದ್ದರು! ಸಣ್ಣವರು ಎಂದರೆ ಕೆಳಗಿನ ನೌಕರರು! ಮೇಲಧಿಕಾರಿಗೆ ಒದ್ದರೂ ತಾತ ಅವರನ್ನು ಕ್ಷಮಿಸಿದ ಮಹಾತ್ಮರು!"

"ಏನೇ ಅದು? ಯಾವ ಹಡಗು?"

ಎಲ್ಲರೂ ತಿರುಗಿ ನೋಡಿದರು. ಸಣ್ಣಜ್ಜಿ ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ತಾತನ ಹಡಗು, ಅಜ್ಜಿ!" ಎಂದು ಕೂಗಿದಳು ಟಿಕೆಟ್.

"ಅವನಿಗೆಲ್ಲಿಂದ ಬಂತೇ ಹಡಗು? ಅವನು ಹಡಗು ಹತ್ತಿದ್ದು ಒಂದೇ ಸಲ. ಹತ್ತಿದವನು ಅಲ್ಲೇ ವಾಂತಿ ಮಾಡ್ಕೊಂಡ, ಕಟ್ಟಿದ ಹಗ್ಗ ಬಿಚ್ಚೋ ಮುಂಚೆ ಇಳಿದುಬಿಟ್ಟ."

ಟಣ್! ಗಂಟೆ ಒಂದೇ ಸಲ, ಜೋರಾಗಿ. ಆದರೆ ಗಂಟೆ ಕೇಳಿಸುವುದಕ್ಕೂ ಕಿವಿ ಬೇಕಲ್ಲ. ಸಣ್ಣಜ್ಜಿ ತನ್ನ ಪಾಡಿಗೆ ತಾನು ಮುಂದುವರಿದಳು.

"ಸೆಖೆ ಯಾಕೆ ಆಗ್ತಿತ್ತು ಅಂದ್ರೆ ಕರಡಿಯಿಂದ. ಕರಡಿ ಒಳಗೆ ಸೆಖೆ ಆಗದೆ ತಂಪಾಗುತ್ತಾ?"

 ವಿಡಿಯೋ ಮಾಡಲೆಂದು ಅಣ್ಣ ಹಿಡಿದಿದ್ದ ಮೊಬೈಲು ಹಾಗೇ ಕೆಳಗಿಳಿಯಿತು.

"ಯಾವ ಕರಡಿ ಅಜ್ಜಿ?" ಟಿಕೆಟ್ ಕೂಗಿ ಕೇಳಿದಳು.

"ಯಾವ ಕರಡಿ ಅಂದ್ರೆ? ಆಟಿಕೆ ಅಂಗಡಿ ಕರಡಿ! ಸಮುದ್ರದ ದಂಡೇಲಿ ಇರೋ ಊರು, ರಜೆ ಬಂತಂದ್ರೆ ಜಾತ್ರೆ ಜಾತ್ರೆ ಜನ. ಅಲ್ಲಿ ಆಟಿಕೆ ಅಂಗಡಿ ಮುಂದೆ ಕರಡಿ ವೇಷ ಹಾಕ್ಕೊಂಡು ಮಕ್ಕಳನ್ನ ಕರೀತಿದ್ದ. ನಾನೂ ಒಂದು ವರ್ಷ ಅವನ ಜೊತೆಗೇ ಇದ್ನಲ್ಲ, ಹಿಂದಿನ ಕೋಣೇಲಿ ಬೊಂಬೆಗೆ ಕೂದಲು ಅಂಟಿಸ್ತಿದ್ದೆ. ಮಕ್ಕಳು ಒದೆಯೋವು, ಬಾಲ ಹಿಡಿದು ಜಗ್ಗೋವು. ಕರಡಿಗೆ ಅಷ್ಟುದ್ದ ಬಾಲ ಇರಲ್ಲ ಅಂತ ಮಾಲೀಕನಿಗೆ ಯಾರು ಹೇಳಬೇಕು?"

ಟಣ್! ಟಣ್! ಟಣ್! ದೊಡ್ಡಪ್ಪ ಸಿಟ್ಟಿನಲ್ಲಿ ಲೆಕ್ಕ ತಪ್ಪಿ ಬಾರಿಸಿದರು. ಮುಖ ಕೆಂಡವಾಗಿತ್ತು. ನಿಲ್ಲಿಸು ಎಂದೋ ಮುಂದೆ ಹೋಗು ಎಂದೋ ಟಿಕೆಟ್‌ಗೆ ತಿಳಿಯಲಿಲ್ಲ. ಅಂಥ ಗೊಂದಲವಾದಾಗ ಬಸ್ಸು ಮುಂದೆಯೇ ಹೋಗುವುದು ರೂಢಿ.

"ಮತ್ತೆ ಈ ಆಟಿಕೆಗಳು ಅಜ್ಜಿ? ಕುದುರೆ ಕಿವಿ ಹೋಗಿದ್ದು ಮನೆಗೆ ಕಷ್ಟಕಾಲ ಬಂದಾಗ ಅಂತ ದೊಡ್ಡಪ್ಪ ಹೇಳ್ತಿದ್ರಲ್ಲ..."

"ಕಷ್ಟಕಾಲ ನಿನ್ನ ತಲೆ! ಅದು ಹುಟ್ಟಾ ಕಿವುಡು, ನನ್ನ ಹಾಗಲ್ಲ. ಮಾರಾಟಕ್ಕೆ ಆಗದ ಒಡಕು ಸಾಮಾನನ್ನ ರಜೆಗೊಂದರ ಹಾಗೆ ಕರಡಿಗೆ ಕೊಡೋರು. ಈ ಕೋತಿಗೆ ಕೋಲು ಒಂದೇ ಇತ್ತು. ಈ ಬೊಂಬೆಗೆ ಕಣ್ಣು ಕೂರಿಸಿದ್ದು ನಾನೇ, ವಾರೆಯಾಗಿ ಮುಚ್ಚಿಕೊಂಡುಬಿಡ್ತು, ಮಾಲೀಕನ ಕೈಲಿ ಬೈಸಿಕೊಂಡೆ."

ಅಣ್ಣನ ಮಗಳು, ಏಳು ವರ್ಷದ ಚೋಟುದ್ದದ ಹುಡುಗಿ, ಇನ್ನು ತಡೆಯಲಾರದೆ ಕಿಸಕ್ಕೆಂದಳು. ಅದು ಅಂಟುಜಾಡ್ಯದ ಹಾಗೆ ಹಬ್ಬಿತು. ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿದರು. ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದರು. ಟಿಕೆಟ್ ನಗುತ್ತ ನಗುತ್ತ ಮೇಜಿನ ಕಡೆ ನೋಡಿದಳು. ದೊಡ್ಡಪ್ಪನ ಕುರ್ಚಿ ಖಾಲಿಯಾಗಿತ್ತು.

ಅವಳ ನಗು ಅಲ್ಲಿಗೇ ನಿಂತಿತು.

ದೊಡ್ಡಪ್ಪ ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದರು. ದೀಪ ಹಾಕಿರಲಿಲ್ಲ. ತೊಡೆಯ ಮೇಲೆ ಎರಡೂ ಕೈ ಅಂಗಾತ ಬಿದ್ದಿದ್ದವು. ಟಿಕೆಟ್ ಪಕ್ಕದಲ್ಲಿ ಕೂತಳು.  ತಾತ ಜ್ವರ ಬಂದು ತೀರಿಕೊಂಡಾಗ ದೊಡ್ಡಪ್ಪನಿಗೆ ಆರು ವರ್ಷ. ಅವಳಪ್ಪ ಇನ್ನೂ ಹಾಲು ಕುಡಿಯುವ ಕೂಸು. ಹಡಗಿನ ಕಥೆ ಹೇಳಿದ್ದು ತಾಯಿ. ಅದನ್ನೇ ಎದೆಗವಚಿಕೊಂಡು ದೊಡ್ಡಪ್ಪ ಶಾಲೆ ಓದಿದ್ದರು, ನೌಕರಿ ಮಾಡಿದ್ದರು, ಹೋದ ಹೋದ ಶಾಲೆಯಲ್ಲೆಲ್ಲ ಮಕ್ಕಳಿಗೆ ಹಡಗಿನ ಅಧಿಕಾರಿಯ ಮಗ ಎಂದು ಹೇಳಿಕೊಂಡಿದ್ದರು.

"ತಪ್ಪಾಯ್ತು ದೊಡ್ಡಪ್ಪ. ನಾನು ಮೆತ್ತಗೆ ಓದಬೇಕಿತ್ತು" ಎಂದಳು.

ದೊಡ್ಡಪ್ಪ ಇಲ್ಲವೆಂದು ತಲೆಯಾಡಿಸಿದರು.  ಆಮೇಲೆ ಡಾಕ್ಟರ ಮಾತನ್ನು ಗಾಳಿಗೆ ತೂರಿ, ಮರಳು ಕಾಗದ ಉಜ್ಜಿದಂಥ ದನಿಯಲ್ಲಿ ಕೇಳಿದರು.

"ಕರಡಿ... ಯಾವ ಬಣ್ಣದ್ದಂತೆ?"

 "ಬನ್ನಿ, ಕೇಳೋಣ" ಎಂದು ಟಿಕೆಟ್ ಅವರನ್ನು ಕೈಹಿಡಿದು ಎಬ್ಬಿಸಿದಳು.

ಇಬ್ಬರೂ ನಡುಮನೆಗೆ ಬಂದರು. ದೊಡ್ಡಪ್ಪ ಒಂದು ಸ್ಟೂಲು ಎಳೆದು ಸಣ್ಣಜ್ಜಿಯ ಎದುರು ಕೂತರು, ಶಾಲೆಯ ಹುಡುಗನ ಹಾಗೆ ಮೊಣಕಾಲು ಜೋಡಿಸಿಕೊಂಡು. ಅವರು ಟಿಕೆಟ್ ಕಿವಿಯಲ್ಲಿ ಪಿಸುಗುಟ್ಟುವುದು, ಅವಳು ಅದನ್ನು ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗುವುದು, ಹೀಗೆ ಶುರುವಾಯಿತು.

"ಯಾವ ಬಣ್ಣ ಅಂತ ಕೇಳ್ತಿದ್ದಾರೆ!"

"ಕಂದು. ಮಂಡಿ ಹತ್ರ ಸವೆದು ಬೂದಿ ಬಣ್ಣ ಆಗಿತ್ತು. ನಾನೇ ತೇಪೆ ಹಾಕಿದ್ದೆ."

"ಅವರಿಗೆ ನಾಚಿಕೆ ಆಗ್ತಿರಲಿಲ್ವಾ ಅಂತೆ!"

ಸಣ್ಣಜ್ಜಿ ದೊಡ್ಡಪ್ಪನ ಮುಖ ನೋಡಿದಳು. ವಿಷಯ ಆಗಷ್ಟೇ ಅವಳಿಗೆ ಅರ್ಥವಾದಂತಿತ್ತು.

"ನೀನು ಇಷ್ಟು ವರ್ಷ ಹಡಗು ಅಂತ ಓದ್ತಿದ್ಯೇನೋ? ನಾನು ಕರಡಿ ವಿಷಯ ಅಂದ್ಕೊಂಡಿದ್ದೆ ಕಣೋ. ಇವರೆಲ್ಲ ಎದ್ದು ನಿಲ್ಲೋದು ನೋಡಿ, ಕರಡಿಗೆ ಇಷ್ಟು ಮರ್ಯಾದೆ ಕೊಡೋ ಮನೆ ಇನ್ನೊಂದಿಲ್ಲ ಅಂತ ಎಷ್ಟು ಹೆಮ್ಮೆಪಡ್ತಿದ್ದೆ ಗೊತ್ತಾ?" ಎಂದಳು. ಆಮೇಲೆ ಸೀರೆಯ ಅಂಚಿನಿಂದ ಮೂಗೊರೆಸಿಕೊಂಡಳು. "ವೇಷದೊಳಗೆ ನಾಚಿಕೆ ಎಲ್ಲಿಂದ ಬರ್ಬೇಕು? ಮಂಕಾಗ್ತಿದ್ದದ್ದು ಅದನ್ನ ಬಿಚ್ಚಿದ ಮೇಲೆ. ನನ್ನ ಮಗನ್ನ ಎತ್ಕೊಳ್ಳೋಕೆ ಆಗ್ತಿಲ್ಲ, ಊರ ಮಕ್ಕಳನ್ನೆಲ್ಲ ಎತ್ಕೊಳ್ತೀನಿ ಅನ್ನೋನು. ಎತ್ಕೊಂಡ್ರೆ ಅರ್ಧ ಮಕ್ಕಳು ಮೈಮೇಲೇ ಉಚ್ಚೆ ಹೊಯ್ದು ಇಳಿಯೋವು. ಅದಕ್ಕೂ ನಗೋನು, ಹುಚ್ಚ."

ದೊಡ್ಡಪ್ಪನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ದೊಡ್ಡಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು. ಅಳು ಅಲ್ಲ, ನಗು. ಶಬ್ದವಿಲ್ಲದ, ಗಂಟಲಿಗೆ ನೋವಾಗುವ ನಗು; ಕಣ್ಣಲ್ಲಿ ನೀರೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅದೇ ಹೊತ್ತಿಗೆ ಅಣ್ಣನ ಮಗಳು ಕುದುರೆಯನ್ನು ಮೇಜಿನಿಂದ ಎತ್ತಿಕೊಂಡು ನೆಲದ ಮೇಲೆ ಓಡಿಸುತ್ತಿದ್ದಳು. ಅಣ್ಣ "ಏಯ್" ಎಂದು ಕೈ ಎತ್ತಿದ. ದೊಡ್ಡಪ್ಪ ಬೇಡವೆಂದು ಸನ್ನೆ ಮಾಡಿದರು. ಕ್ಷಣದಲ್ಲಿ ಬಿಳಿ ಬಟ್ಟೆ ಬರಿದಾಯಿತು. ಕೋತಿ ಒಂಟಿ ಕೋಲಿನಲ್ಲೇ ಡಬಡಬ ಎಂದಿತು, ಕಾರು ಕುಂಟುತ್ತ ಹೋಗಿ ಗೋಡೆಗೆ ಗುದ್ದಿತು.

ಮಕ್ಕಳಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. "ಕರಡಿ ಹೇಗೆ ನಡೀತಿತ್ತು ಅಜ್ಜಿ?" ಎಂದು ಸಣ್ಣಜ್ಜಿಯ ಸೀರೆ ಜಗ್ಗಿದರು. ಟಿಕೆಟ್ ಅದನ್ನೂ ಕೂಗಿ ಹೇಳಿದಳು. ಸಣ್ಣಜ್ಜಿ ಅವಳ ತೋಳು ಹಿಡಿದು ಎದ್ದು ನಿಂತಳು.

"ಹೊಟ್ಟೆ ಮುಂದೆ. ಕುಂಡೆ ಹಿಂದೆ. ಪಾದ ಒಳಕ್ಕೆ. ಒಂದು ಹೆಜ್ಜೆ ಹಾಕೋದು, ಸುತ್ತಮುತ್ತ ನೋಡೋದು, ತನ್ನದೇ ಅಂಗಡಿ ಅನ್ನೋ ಹಾಗೆ ಇನ್ನೊಂದು ಹೆಜ್ಜೆ ಹಾಕೋದು."

ಬಾಗಿಲ ತನಕ ಹೋಗಿಬರುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಮಕ್ಕಳು ಅವಳ ಹಿಂದೆ ಸಾಲಾಗಿ ಹೊಟ್ಟೆ ಮುಂದೆ ಮಾಡಿಕೊಂಡು ಹೊರಟರು. ದೊಡ್ಡಪ್ಪ ಸ್ವಲ್ಪ ಹೊತ್ತು ಕೂತು ನೋಡಿದರು. ಆಮೇಲೆ ಮಫ್ಲರ್ ಬಿಚ್ಚಿ ಸ್ಟೂಲಿನ ಮೇಲಿಟ್ಟು, ಎದ್ದು, ಸಾಲಿನ ಕೊನೆಗೆ ಸೇರಿಕೊಂಡರು. ಪಾದ ಒಳಕ್ಕೆ ಮಾಡಿ ಒಂದು ಹೆಜ್ಜೆ. ಸುತ್ತಮುತ್ತ ಒಂದು ನೋಟ. ಇನ್ನೊಂದು ಹೆಜ್ಜೆ. ಸರಿಯಾಯಿತಾ ಎಂದು ಅತ್ತೆಯ ಕಡೆ ತಿರುಗಿ ಹುಬ್ಬೇರಿಸಿದರು.

ಸಣ್ಣಜ್ಜಿ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಸೌಟು ಸೊಂಟಕ್ಕಿಟ್ಟುಕೊಂಡು ಹೇಳಿದರು: "ಇದನ್ನೇನು ಹೊಸದಾಗಿ ಕಲೀತೀರಿ? ಮದುವೆಯಾದಾಗಿಂದ ನೋಡ್ತಿದ್ದೀನಿ, ನೀವು ನಡೆಯೋದೇ ಹೀಗೆ. ಸಾಕು ಬನ್ನಿ, ಊಟ ಆರಿಹೋಗ್ತಿದೆ."