ಕೆಳಮನೆಯ ಪ್ರಿಂಟರಿಗೆ ಬಂದ ಹಾಳೆ

ದರ್ಜಿಯಕ್ಕ ಕೆಳಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳ ಓರಗಿತ್ತಿ ಮೇಲ್ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಸ್ಪತ್ರೆಯ ವೈದ್ಯರು ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದ ವರದಿಗಳನ್ನು ಟೈಪ್ ಮಾಡುತ್ತಿದ್ದಳು. ಎರಡು ಮನೆಗೂ ಇಂಟರ್ನೆಟ್ ಒಂದೇ. ಅದರ ಪಾಸ್‌ವರ್ಡ್ ಅಳತೆ ಕೊಡಲು ಬಂದು ಕಾದು ಕುಳಿತವರಿಗೆಲ್ಲ ಬಾಯಿಪಾಠ. "ನೀರು ಕೇಳಿದವ್ರಿಗೆ ಇಲ್ಲ ಅಂತೀವಾ?" ಎನ್ನುವುದು ದರ್ಜಿಯಕ್ಕನ ವಾದ.

ಒಂದು ಬೆಳಗ್ಗೆ ಅವಳು ತೋಳಿನ ನಮೂನೆಯೊಂದನ್ನು ಪ್ರಿಂಟ್ ಮಾಡಿದಳು. ಅದರ ಬೆನ್ನಿಗೇ ಇನ್ನೊಂದು ಹಾಳೆ ಬಂತು. ಕೈಗೆತ್ತಿಕೊಂಡವಳು ಹೆಸರು ನೋಡಿ ನಿಂತುಬಿಟ್ಟಳು. ಪಕ್ಕದ ಬೀದಿಯ ಸಂಗೀತದ ಟೀಚರ್! ಎದೆಯಲ್ಲಿ ಗಂಟು, ಶಸ್ತ್ರಚಿಕಿತ್ಸೆ ಆಗಬೇಕು. ಮನಸ್ಸು ಬೇಡವೆಂದರೂ ಕಣ್ಣು ಕೊನೆಯ ಸಾಲಿನವರೆಗೆ ಓಡಿತು. ಅವರು ಹೊಲಿಯಲು ಕೊಟ್ಟ ನಿಲುವಂಗಿಯೇ ಅವಳ ಮೇಜಿನ ಮೇಲಿತ್ತು.

ಹಾಳೆ ಮಡಚಿಕೊಂಡು ಮೆಟ್ಟಿಲು ಹತ್ತಿದಳು.

"ಅಯ್ಯೋ, ಸೇವ್ ಮಾಡೋ ಬದ್ಲು ಪ್ರಿಂಟ್ ಒತ್ಬಿಟ್ಟಿದೀನಿ, ವೈ-ಫೈ ಒಂದೇ ಅಲ್ವಾ, ನಿಮ್ ಪ್ರಿಂಟರಿಗೆ ಬಂದ್ಬಿಟ್ಟಿದೆ," ಎಂದ ಓರಗಿತ್ತಿಯ ಮುಖ ಬಿಳಿಚಿತು. "ಓದಿದ್ರಾ ಅಕ್ಕಾ?"

"ಓದ್ಬಿಟ್ಟೆ ಕಣೇ. ನಿನ್ ಹತ್ರ ಸುಳ್ಳು ಯಾಕೆ?" ದರ್ಜಿಯಕ್ಕ ಹಾಳೆಯನ್ನು ಚೂರುಚೂರು ಮಾಡಿದಳು. "ಅಲ್ವೇ, ನನ್ ಕಂಪ್ಯೂಟರ್‌ನಲ್ಲಿರೋ ಅಳತೆಗಳೂ ನಿಂಗೆ ಕಾಣ್ತವಾ?"

"ಆ ಫೋಲ್ಡರ್ ನೀವು ಎಲ್ಲರಿಗೂ ತೆರೆದಿಟ್ಟಿದೀರ. ನೋಡೋಕೆ ಹೋದ್ರೆ, ಕಾದು ಕೂತವ್ರಿಗೂ ಕಾಣ್ತವೆ."

"ಊರ ಹೆಂಗಸರ ಸೊಂಟದ ಸುತ್ತಳತೆಯೆಲ್ಲಾ? ಗೊತ್ತಾದ್ರೆ ನನ್ನ ಉಳಿಸ್ತಾರಾ!"

ಅಂದು ಇಬ್ಬರೂ ಕೆಲಸ ಬದಿಗಿಟ್ಟು ಆ ಇಂಟರ್ನೆಟ್ ಡಬ್ಬಿಯ ಮುಂದೆ ಕುಳಿತರು. ಓರಗಿತ್ತಿ ಮೊದಲು ಡಬ್ಬಿಯ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಒಂದೇ ಸಂಪರ್ಕದಿಂದ ಕೆಳಮನೆಗೆ, ಮೇಲ್ಮನೆಗೆ, ಗಿರಾಕಿಗಳಿಗೆ ಅಂತ ಮೂರು ವೈ-ಫೈ ಮಾಡಿದಳು. ಮೂರರಿಂದಲೂ ಇಂಟರ್ನೆಟ್ ಸಿಗುತ್ತದೆ. ಒಂದರೊಳಗಿಂದ ಇನ್ನೊಂದಕ್ಕೆ ಇಣುಕಲಾಗದು.

"ಒಂದೇ ಮನೆಯವ್ರ ಮಧ್ಯೆ ಗೋಡೆ ಎಬ್ಬಿಸ್ತಿದೀಯಲ್ಲೇ," ಎಂದಳು ದರ್ಜಿಯಕ್ಕ.

"ಅಳತೆ ತಗೊಳ್ಳೋವಾಗ ಪರದೆ ಎಳೀತೀರಲ್ಲ, ಅದೇನು ಗಿರಾಕಿ ಮೇಲಿನ ಸಿಟ್ಟಿಗಾ?"

ದರ್ಜಿಯಕ್ಕ ಗಿರಾಕಿಗಳ ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಸಂಜೆ ಟೀಚರ್ ಬಂದರು. "ಗುಂಡಿ ಮುಂದ್ಗಡೆ ಇಡೋಕಾಗುತ್ತಾ? ಸ್ವಲ್ಪ ದಿನ ಕೈ ಎತ್ತೋದು ಕಷ್ಟ ಆಗ್ಬಹುದು."

"ಆಗುತ್ತೆ."

"ಯಾಕೆ ಅಂತ ಕೇಳ್ಲಿಲ್ಲ ನೀವು. ದೊಡ್ಡ ಗುಣ."

ತನ್ನದಲ್ಲದ ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ದರ್ಜಿಯಕ್ಕನಿಂದ ಆಗಲಿಲ್ಲ. ಟೇಪು ಕೆಳಗಿಟ್ಟು ನಡೆದದ್ದೆಲ್ಲ ಹೇಳಿಬಿಟ್ಟಳು. ಟೀಚರ್ ಮುಖ ಗಂಟಿಕ್ಕಿದರು. ಬಾಗಿಲವರೆಗೆ ಹೋಗಿ ನಿಂತರು.

"ಇನ್ನ್ಯಾರಿಗೆ ಗೊತ್ತು?"

"ನಮ್ಮಿಬ್ರಿಗೇ. ಇನ್ಮೇಲೆ ಹಾಗಾಗದ ಹಾಗೆ ಮಾಡ್ಕೊಂಡಿದೀವಿ. ಅವಳು ಆಸ್ಪತ್ರೆಗೂ ತಪ್ಪು ಒಪ್ಕೊಂಡು ಬರ್ದಿದಾಳೆ."

"ನಮ್ಮಮ್ಮಂಗೇ ಇನ್ನೂ ಹೇಳಿಲ್ಲ ನಾನು," ಎಂದರು ಟೀಚರ್. ದನಿ ಒಡೆಯಿತು. ವಾಪಸು ಬಂದು ಕುರ್ಚಿಯಲ್ಲಿ ಕುಳಿತರು. ಹೇಗೆ ಹೇಳಲಿ ಅಂತ ಕೇಳಿದರು. ದರ್ಜಿಯಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು.

ಬಟ್ಟೆ ಒಯ್ಯಲು ಬಂದಾಗ ಟೀಚರ್ ಜೊತೆ ಅವರಮ್ಮನೂ ಇದ್ದರು. ಗುಂಡಿಗಳನ್ನು ಒಂದೊಂದಾಗಿ ಹಾಕಿ, ಬಿಚ್ಚಿ ನೋಡಿ, "ಒಂದೇ ಕೈಯಲ್ಲಿ ಹಾಕ್ಕೋಬಹುದು ಕಣೆ," ಎಂದು ಮಗಳಿಗೆ ಹೇಳಿದರು.